ಓಟಗಾರರ ಕಣಕಾಲ ಬೇನೆ: ಚಿಕಿತ್ಸೆಯೂ ಮುನ್ನೆಚ್ಚರಿಕೆಯೂ

ಮೊಣಕಾಲಿನಿಂದ ಹರಡಿನವರೆಗಿನ ಭಾಗಕ್ಕೆ ಕನ್ನಡದಲ್ಲಿ ಕಣಕಾಲೆಂದೂ ಸಂಸ್ಕೃತದಲ್ಲಿ ಜಂಘೆಯೆಂದೂ ಹೆಸರು. ಅತಿ ವೇಗದಿಂದ ಓಡಬಲ್ಲವನನ್ನು ಅಮರಸಿಂಹನು ತನ್ನ ಕೋಶದಲ್ಲಿ ಜಂಘಾಲನೆಂದು ಕರೆದಿದ್ದಾನೆ. ಓಲೆ ಹೊತ್ತು ಊರಿಂದೂರಿಗೆ ಓಡುವವನು ಜಾಂಘಿಕ. ಓಟಗಾರನಿಗೆ ತೊಡೆಯಿಂದಲೋ ಪಾದದಿಂದಲೋ ಹೆಸರು ಬಾರದೆ ಜಂಘೆಯಿಂದಲೇ ಬಂದುದು ವಿಚಾರಾರ್ಹವಾದ ಸಂಗತಿ. ಆ ಭಾಗದ ಒಳ ಅಂಚಿನಲ್ಲಿ ಓಡುವವರಿಗೆ ಕಾಣಿಸಿಕೊಳ್ಳುವ ಬೇನೆಗೆ ಇಂಗ್ಲಿಷಿನಲ್ಲಿ ‘ಶಿನ್ ಸ್ಪ್ಲಿಂಟ್ಸ್’ ಎಂಬ ಹೆಸರು ರೂಢಿಯಾಗಿದೆ. ಸ್ಪ್ಲಿಂಟ್ ಎಂದರೆ ಮುರಿದ ಮೂಳೆಗೆ ಕಟ್ಟುವ ದಬ್ಬೆ. ಹೆಸರಿನಲ್ಲಿ ದಬ್ಬೆಯಿದ್ದರೂ ಈ ಬೇನೆಗೆ ದಬ್ಬೆ ಕಟ್ಟಿ ಫಲವಿಲ್ಲ. ವೈದ್ಯರು ಇಂದು ಇದನ್ನು ‘ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್’ ಎನ್ನುತ್ತಾರೆ. ಹೆಸರು ದೀರ್ಘವಾದರೂ ಅದರಲ್ಲಿ ಕಾರಣದ ಸುಳಿವಿದೆ: ಮಿತಿಮೀರಿದ ಭಾರದಿಂದ ಬಂದ ಬೇನೆ ಇದು.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಿಗೆ ಈ ವಿಷಯ ದೂರದ್ದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ, ಆ ತಂಡದಲ್ಲಿ ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಬಿ. ಇದ್ದರು. ಹಳ್ಳಿಯ ಮಣ್ಣಿನ ಅಂಗಳದಲ್ಲಿ ಆಡಿ ಬೆಳೆದ ಬಾಲೆಯೊಬ್ಬಳು ಅಷ್ಟು ದೂರ ಹೋಗಬಲ್ಲಳೆಂಬುದು ಸಿದ್ಧವಾದ ಮೇಲೆ, ಹತ್ತಾರು ಶಾಲೆಗಳ ಮಕ್ಕಳು ಅದೇ ದಾರಿಯ ಕನಸು ಕಂಡರೆ ಅಚ್ಚರಿಯೇನು? ಆದರೆ ಖೋ ಖೋ ಕಣಕಾಲನ್ನು ಕಠಿಣವಾಗಿ ಪರೀಕ್ಷಿಸುವ ಆಟ. ಕುಳಿತಲ್ಲಿಂದ ಚಿಮ್ಮಿ ಏಳುವುದು, ನಾಲ್ಕು ಹೆಜ್ಜೆಯಲ್ಲಿ ಪೂರ್ಣವೇಗ ಪಡೆಯುವುದು, ಕಂಬವನ್ನು ಹಿಡಿದು ತಿರುಗುವುದು, ತಟಕ್ಕನೆ ನಿಲ್ಲುವುದು – ಇವೆಲ್ಲದರ ಆಘಾತವೂ ಜಂಘಾಸ್ಥಿಗೆ ತಟ್ಟುತ್ತದೆ. ಇನ್ನೊಂದು ವರ್ಗ, ಉದ್ಯೋಗಕ್ಕಾಗಿ ಓಡುವ ತರುಣರದು. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸಬೇಕು. ಅರ್ಜಿ ಕರೆದ ಮೇಲೆ ಎಚ್ಚೆತ್ತು, ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಓಡತೊಡಗುವವರ ಕಾಲು ಮೂರನೆಯ ವಾರದಲ್ಲಿ ಮಾತನಾಡತೊಡಗುತ್ತದೆ. ಮಹದೇಶ್ವರ ಬೆಟ್ಟಕ್ಕೆ ಮೊದಲ ಸಲ ಪಾದಯಾತ್ರೆ ಮಾಡಿದವರಲ್ಲಿಯೂ ಈ ನೋವನ್ನು ಬಲ್ಲವರಿದ್ದಾರೆ.

ಮೂರನೆಯ ವಾರವೇ ಏಕೆ? ಎಲುಬು ಕಲ್ಲಲ್ಲ, ಅದು ಜೀವಂತ ವಸ್ತು. ಭಾರ ಹೆಚ್ಚಿದಾಗ ಅದು ತನ್ನನ್ನು ತಾನೇ ಪುನಃ ಕಟ್ಟಿಕೊಳ್ಳುತ್ತದೆ. ಗೋಡೆಯ ಶಿಥಿಲವಾದ ಇಟ್ಟಿಗೆಗಳನ್ನು ಕಿತ್ತ ಮೇಲೆಯೇ ಗಾರೆಯವನು ಹೊಸದನ್ನು ಕೂಡಿಸುವಂತೆ, ಎಲುಬಿನಲ್ಲಿಯೂ ಹಳೆಯ ಅಂಶ ಕರಗುವುದು ಮೊದಲು, ಹೊಸದು ಕೂಡುವುದು ಅನಂತರ. ಈ ನಡುವಣ ಕೆಲವು ವಾರಗಳಲ್ಲಿ ಎಲುಬು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಆಗಲೇ ಉತ್ಸಾಹಿಯಾದ ವಿದ್ಯಾರ್ಥಿ ಓಟವನ್ನು ಇಮ್ಮಡಿಗೊಳಿಸುತ್ತಾನೆ. ಮೀನಖಂಡದ ಸ್ನಾಯುಗಳು ದಣಿದರೆ ಆಘಾತವನ್ನು ಹೀರುವವರಿಲ್ಲದೆ ಜಂಘಾಸ್ಥಿ ಪ್ರತಿ ಹೆಜ್ಜೆಗೂ ಸೂಕ್ಷ್ಮವಾಗಿ ಬಾಗುತ್ತದೆ. ಅದರ ಮೇಲಣ ಪೊರೆ ಕೆರಳುತ್ತದೆ. ಹೊಸದಾಗಿ ಓಟ ಆರಂಭಿಸಿದವರಿಗೆ, ಹಿಂದೊಮ್ಮೆ ಈ ನೋವನ್ನು ಪಡೆದವರಿಗೆ, ಪಾದದ ಕಮಾನು ಕುಸಿದವರಿಗೆ, ದೇಹತೂಕ ಹೆಚ್ಚಿರುವವರಿಗೆ ಇದರ ಭಯ ಅಧಿಕ. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು.

ಅಧ್ಯಾಪಕರು ಮುಖ್ಯವಾಗಿ ಅರಿಯಬೇಕಾದುದು ನೋವಿನ ಜಾತಿಯನ್ನು. ಸಾಮಾನ್ಯವಾದ ಕಣಕಾಲ ಬೇನೆ ಎಲುಬಿನ ಒಳ ಅಂಚಿನ ಕೆಳಗಣ ಭಾಗದಲ್ಲಿ ಉದ್ದಕ್ಕೆ ಹರಡಿರುತ್ತದೆ. ಹೆಬ್ಬೆರಳನ್ನು ಒತ್ತುತ್ತ ಕೆಳಗಿನಿಂದ ಮೇಲಕ್ಕೆ ಸಾಗಿದರೆ 5 ಸೆಂಟಿಮೀಟರಿಗೂ ಹೆಚ್ಚು ಉದ್ದ ನೋಯುತ್ತದೆ. ಓಟದ ಆರಂಭದಲ್ಲಿ ಕಾಡಿ, ಮೈ ಬಿಸಿಯೇರಿದಾಗ ಮರೆಯಾಗಿ, ಆಟ ಮುಗಿದ ಮೇಲೆ ಮರಳಿ ಬರುವುದು ಅದರ ಸ್ವಭಾವ. ಇದಕ್ಕೆ ಪ್ರತಿಯಾಗಿ, ನಾಣ್ಯದಷ್ಟು ಜಾಗದಲ್ಲಿ ಮಾತ್ರ ತೀಕ್ಷ್ಣವಾಗಿ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ, ಒಂಟಿಕಾಲಿನಲ್ಲಿ ಕುಪ್ಪಳಿಸಲು ಆಗದಿದ್ದರೆ, ಎಲುಬಿನಲ್ಲಿ ಬಿರುಕು ಮೂಡಿದೆಯೆಂದು ಶಂಕಿಸಬೇಕು. ಅಂಥವರನ್ನು ಅಂದಿನಿಂದಲೇ ಓಟದಿಂದ ನಿಲ್ಲಿಸಿ ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮೂಳೆರೋಗ ವಿಭಾಗಕ್ಕೋ ಕಳುಹಿಸುವುದು ಕರ್ತವ್ಯ. ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್‌ರೇ ಚಿತ್ರದಲ್ಲಿ ಬಿರುಕು ಕಾಣದೆಯೂ ಇರಬಹುದು. ಚಿತ್ರ ಶುದ್ಧವಾಗಿದೆಯೆಂದು ಮರುದಿನವೇ ಮೈದಾನಕ್ಕೆ ಇಳಿಸಿದರೆ ಬಿರುಕು ಪೂರ್ಣ ಮುರಿತವಾಗಬಹುದು. ಓಡುವಾಗ ಕಣಕಾಲು ಬಿಗಿದು ಪಾದ ಜೋಮು ಹಿಡಿದು, ನಿಂತೊಡನೆ ಸರಿಹೋಗುವುದು ಬೇರೊಂದು ರೋಗ. ಅದಕ್ಕೂ ವೈದ್ಯರೇ ಬೇಕು.

ಇಷ್ಟನ್ನು ತಿಳಿಯಲು ಮಗು ಮೊದಲು ಬಾಯಿ ಬಿಡಬೇಕಲ್ಲ! ನೋವೆಂದರೆ ತಂಡದಿಂದ ಕೈಬಿಡುವರೆಂಬ ಅಂಜಿಕೆಯಿಂದ ಮಕ್ಕಳು ಅಡಗಿಸಿಡುತ್ತಾರೆ. ಹಾಗೆ ಅಡಗಿಸುವವರು ಆಲಸಿಗಳಲ್ಲ, ಎಲ್ಲರಿಗಿಂತ ಮುಂದೆ ಓಡುವವರು. ‘ಸಹಿಸಿಕೋ, ತಾನೇ ಹೋಗುತ್ತದೆ’ ಎಂಬ ಮಾತು ಮೀನಖಂಡದ ಮೈಕೈನೋವಿಗೆ ಒಪ್ಪೀತು; ಎಲುಬಿನ ನೋವಿಗೆ ಒಪ್ಪದು. ನೋವು ಹೇಳಿದವರ ಹೆಸರು ತಂಡದ ಪಟ್ಟಿಯಿಂದ ಹೋಗದೆಂದು ದೈಹಿಕ ಶಿಕ್ಷಕರು ವರ್ಷಾರಂಭದಲ್ಲಿಯೇ ಎಲ್ಲರೆದುರು ಹೇಳುವುದು ಒಳಿತು.

ಚಿಕಿತ್ಸೆಯ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಓಟ ಮತ್ತು ಜಿಗಿತಗಳನ್ನು ನಿಲ್ಲಿಸಬೇಕು; ಸೈಕಲ್ ತುಳಿಯುವುದರಿಂದಲೂ ಈಜುವುದರಿಂದಲೂ ಉಸಿರಿನ ಶಕ್ತಿಯನ್ನು ಕಾಯ್ದುಕೊಳ್ಳಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟರೆ ನೋವು ಶಮನವಾಗುತ್ತದೆ. ನೋವಿನ ಮಾತ್ರೆ ನುಂಗಿ ಓಡುವುದು ಮಾತ್ರ ಸಲ್ಲದು. ಊರುಗಳಲ್ಲಿ ‘ಉಳುಕು ತೆಗೆಸುವ’ ಪದ್ಧತಿಯಿದೆ. ಎಣ್ಣೆ ಹಚ್ಚಿ ಬಲವಾಗಿ ನೀವುತ್ತಾರೆ. ಉಳುಕೇ ಅಲ್ಲದ ಕಡೆ ಉಳುಕು ತೆಗೆಯುವುದರಿಂದ ಕೆರಳಿದ ಪೊರೆ ಮತ್ತಷ್ಟು ಕೆರಳುವುದಷ್ಟೇ. ಜಂಘೆಯ ಮಧ್ಯದಲ್ಲಿ ಇಂದ್ರಬಸ್ತಿಯೆಂಬ ಮರ್ಮವಿದೆಯೆಂದು ಸುಶ್ರುತ ಸಂಹಿತೆ ಹೇಳಿರುವುದನ್ನು ನೀವುವವರು ನೆನೆಯಲಿ. ನಡೆದಾಗಲೂ ಒತ್ತಿದಾಗಲೂ ನೋವಿಲ್ಲದಂತಾದ ಮೇಲೆ, ಒಂದು ನಿಮಿಷ ನಿಧಾನದ ಓಟ, ಒಂದು ನಿಮಿಷ ನಡಿಗೆ ಎಂಬ ಕ್ರಮದಿಂದ ದಿನ ಬಿಟ್ಟು ದಿನ ಆರಂಭಿಸಬೇಕು. ಮರುದಿನ ಬೆಳಗ್ಗೆ ನೋವು ಮರಳಿದರೆ ಒಂದು ಮೆಟ್ಟಿಲು ಹಿಂದೆ ಸರಿಯಬೇಕು. ಕೆಲವರಿಗೆ ಇದು ತಿಂಗಳುಗಳನ್ನೇ ತೆಗೆದುಕೊಳ್ಳುತ್ತದೆ.

ಎಲುಬು ಕಟ್ಟಲು ಅನ್ನ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಅತ್ಯಲ್ಪ. ಮುದ್ದೆಯ ನಾಡಿನ ಮಕ್ಕಳು ಮುದ್ದೆಯನ್ನು ಬಡವರ ಊಟವೆಂದು ಬಿಟ್ಟು ಬಿಳಿ ಅನ್ನಕ್ಕೆ ಒಲಿಯುತ್ತಿರುವುದು ವಿಷಾದಕರ. ಹೊಟ್ಟೆ ತುಂಬ ಉಣ್ಣದೆ ಓಡುವ ಬಾಲಕಿಯರಲ್ಲಿ ಋತುಚಕ್ರ ತಪ್ಪುವುದುಂಟು. ಇದು ಎಲುಬು ಸವೆಯುತ್ತಿರುವ ಸೂಚನೆ. ಅಧ್ಯಾಪಿಕೆಯರು ಸಂಕೋಚ ಬಿಟ್ಟು ವಿಚಾರಿಸಬೇಕಾದ ವಿಷಯ.

ಮುನ್ನೆಚ್ಚರಿಕೆಯ ಮೂಲ ಶಾಲೆಯ ಪಂಚಾಂಗದಲ್ಲಿಯೇ ಇದೆ. ಬೇಸಿಗೆ ರಜೆಯಲ್ಲಿ ಓಡದ ಮಕ್ಕಳು ಜೂನ್ ತಿಂಗಳಲ್ಲಿ ಬರುತ್ತಾರೆ. ಆಗಸ್ಟ್ ಸಮೀಪಿಸುವಾಗ ತಾಲ್ಲೂಕು ಕ್ರೀಡಾಕೂಟದ ಗಡಿಬಿಡಿ ಆರಂಭವಾಗುತ್ತದೆ. ಜೂನ್ ಮೊದಲ ವಾರದಿಂದಲೇ ಅಲ್ಪಸ್ವಲ್ಪವಾಗಿ ಆರಂಭಿಸಿ, ವಾರವಾರಕ್ಕೂ ಸ್ವಲ್ಪವೇ ಏರಿಸಿ, ನಾಲ್ಕನೆಯ ವಾರ ತುಸು ಇಳಿಸಿದರೆ ಎಲುಬಿಗೆ ಕಟ್ಟಿಕೊಳ್ಳಲು ಅವಕಾಶ ಸಿಗುತ್ತದೆ. ಓಟಕ್ಕೆ ಮುಂಚೆ ಕಾಲು ಚಾಚಿ ಎಳೆಯುವುದೊಂದೇ ಗಾಯವನ್ನು ತಡೆಯುವುದಿಲ್ಲವೆಂದು ಸೈನ್ಯಕ್ಕೆ ಹೊಸದಾಗಿ ಸೇರಿದವರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಅದಕ್ಕಿಂತ, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ಎತ್ತಿ ಇಳಿಸುವ ಅಭ್ಯಾಸದಿಂದ ಮೀನಖಂಡ ಬಲಗೊಳ್ಳುವುದು.

ಉಳಿದುದು ನೆಲದ ಮಾತು. ಇಲ್ಲಿ ದಾನಿಗಳ ಪಾತ್ರವೂ ಇದೆ. ಈ ಸೀಮೆಯ ಗರಡಿಮನೆಗಳಲ್ಲಿ ಪೈಲ್ವಾನರಿಗಿಂತ ಮೊದಲು ಮಣ್ಣಿಗೆ ಆರೈಕೆ ನಡೆಯುತ್ತಿತ್ತು: ಕೆಮ್ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನಗಳನ್ನು ಬೆರೆಸಿ, ದಿನವೂ ಅಗೆದು ಹದಮಾಡುತ್ತಿದ್ದರು. ಶಾಲೆಯ ಮೈದಾನಕ್ಕೆ ಆ ಭಾಗ್ಯವಿಲ್ಲ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಕಲ್ಲಾಗುತ್ತದೆ. ಹಲವೆಡೆ ಪ್ರಾರ್ಥನೆಯ ಅಂಗಳಕ್ಕೆ ಹಾಕಿದ ಕಾಂಕ್ರೀಟಿನ ಮೇಲೆಯೇ ಓಟದ ಅಭ್ಯಾಸ. ಬರಿಗಾಲಿನಲ್ಲಿ ಮಣ್ಣಿನ ಮೇಲೆ ಆಡಿದವರು ಪಂದ್ಯದ ದಿನ ಬೂಟು ತೊಟ್ಟು ಮ್ಯಾಟಿನ ಮೇಲೆ ಆಡಬೇಕಾದಾಗಲೂ ಕಾಲಿಗೆ ಪೆಟ್ಟು. ಆ ಬದಲಾವಣೆಗೆ ಕೆಲವು ವಾರಗಳ ರೂಢಿ ಬೇಕು. ಪಾರಿತೋಷಕಗಳ ಬೀರುವಿಗೆ ಕೊಡುವ ಹಣದಲ್ಲಿ ಒಂದು ಪಾಲು ಮೈದಾನಕ್ಕೆ ಬಂದರೆ, ಅಂಚಿನುದ್ದಕ್ಕೂ ಕಲ್ಲು ಆಯ್ದು, ಕೆಮ್ಮಣ್ಣೂ ಮರಳೂ ಬೆರೆಸಿ ಹರಡಿ, ನೀರು ಚಿಮುಕಿಸಿ ಓಟದ ಪಟ್ಟಿಯೊಂದನ್ನು ಸಿದ್ಧಮಾಡಬಹುದು. ಮೆತ್ತನೆಯ ಅಟ್ಟೆಯ ಬೂಟುಗಳನ್ನು ಜೂನ್ ತಿಂಗಳಲ್ಲಿಯೇ ಹಂಚಬೇಕು. ಕ್ರೀಡಾಕೂಟದ ಹಿಂದಿನ ಸಂಜೆ ಕೊಟ್ಟ ಬೂಟು ಕಾಲನ್ನು ಕಚ್ಚುವುದೇ ಹೆಚ್ಚು.