ಡೆಕ್ಸಾ ಸೂಜಿಗೂ ಮುಂಚೆ ಮಜ್ಜೆಯ ಸ್ಯಾಂಪಲ್

ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ರಿಪೋರ್ಟಿನಲ್ಲಿ ‘ಜೆನೆಟಿಕ್’ ಎಂದು ಕಂಡೊಡನೆ ನಮ್ಮ ಕಡೆ ಏಳುವ ಮೊದಲ ಪ್ರಶ್ನೆ: ಇದು ತಾಯಿ ಕಡೆಯದೋ, ತಂದೆ ಕಡೆಯದೋ? ಭಾಲ್ಕಿ ಕಡೆಯ ಒಂದು ಮನೆಯವರು ಮಗನ ರಿಪೋರ್ಟನ್ನು ಟ್ರಂಕಿನ ತಳದಲ್ಲಿ ಮುಚ್ಚಿಟ್ಟಿದ್ದರು. ಮಗಳ ಸಂಬಂಧ ಮುರಿದೀತೆಂಬ ಹೆದರಿಕೆ. ತೀವ್ರ ಲ್ಯುಕೇಮಿಯಾದ ಜೀನ್ ಬದಲಾವಣೆ ಬಹುತೇಕ ಆ ರೋಗಿಯ ಮಜ್ಜೆಯ ಜೀವಕೋಶದಲ್ಲೇ ಆದದ್ದು, ಹೆತ್ತವರಿಂದ ಬಂದದ್ದಲ್ಲ. ವಂಶದಲ್ಲಿ ಇಳಿದು ಬರುವುದು ಕಡಿಮೆ. ಹಾಗಿದ್ದರೆ ವೈದ್ಯರೇ ಹೇಳುತ್ತಾರೆ.

ರಕ್ತದ ಸ್ಲೈಡ್ ನೋಡಿದವರು ‘ಬ್ಲಾಸ್ಟ್’ (ಬಲಿಯದ ರಕ್ತಕಣ) ಎಂದು ಬರೆದಿದ್ದರೆ ಔರಾದಿನಲ್ಲಿರಲಿ, ಭಾಲ್ಕಿಯಲ್ಲಿರಲಿ, ಅದೇ ದಿನ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಹೊರಡಿ. ಅಲ್ಲಿಂದ ರೆಫರ್ ಚೀಟಿ ಪಡೆದು ಹೈದರಾಬಾದಿನ ಎಂಎನ್‌ಜೆ, ನಿಮ್ಸ್ ಅಥವಾ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ.

ಎಡವುವುದು ಇದಕ್ಕೂ ಮುಂಚೆಯೇ. ಜ್ವರ ಇಳಿಯಲಿಲ್ಲವೆಂದು ಬಾಟಲ್ ಹಚ್ಚಿಸುತ್ತಾರೆ, ಅದರ ಜೊತೆ ಡೆಕ್ಸಾಮೆಥಾಸೋನ್ ಸೂಜಿಯೂ ಬೀಳುತ್ತದೆ. ಮಕ್ಕಳಲ್ಲಿ ಹೆಚ್ಚು ಕಾಣುವ ಎಎಲ್‌ಎಲ್ ಬಗೆಯ ಲ್ಯುಕೇಮಿಯಾ ಈ ಸ್ಟೆರಾಯ್ಡಿಗೆ ತಟ್ಟನೆ ಬಗ್ಗುತ್ತದೆ. ಜ್ವರ ಬಿಟ್ಟಿತು, ಹುಡುಗ ರೊಟ್ಟಿ ತಿಂದ ಎಂದು ಮನೆಯಲ್ಲಿ ಖುಷಿ. ಕೆಲ ಕಾಲದಲ್ಲೇ ರೋಗ ತಿರುಗಿ ಬರುತ್ತದೆ. ನಡುವೆ ಮಜ್ಜೆ ತೆಗೆದರೆ ಬ್ಲಾಸ್ಟ್‌ಗಳೇ ಸಾಕಷ್ಟು ಸಿಗದೆ ಜೀನ್ ಬದಲಾವಣೆ ಪತ್ತೆಯಾಗದೆ ಹೋಗಬಹುದು. ಈ ಸೂಜಿಯನ್ನು ಕರೆಯುವ ‘ಶಕ್ತಿ ಸೂಜಿ’ ಎಂಬ ಮಾತಿನಷ್ಟು ಅಪಾಯದ ಮಾತನ್ನು ನಾನು ಕೇಳಿಲ್ಲ. ಏನು ಹಾಕಿದಿರಿ ಎಂದು ಕೇಳಿ, ಖಾಲಿ ಸೀಸೆಯನ್ನಾದರೂ ಚೀಲದಲ್ಲಿ ಇಟ್ಟುಕೊಳ್ಳಿ, ದೊಡ್ಡ ಆಸ್ಪತ್ರೆಯಲ್ಲಿ ಮುಚ್ಚದೆ ಹೇಳಿ. ಇದು ಬೈಸಿಕೊಳ್ಳುವ ವಿಷಯವಲ್ಲ. ಜೀವಕ್ಕೇ ಕುತ್ತು ಬಂದಾಗ ತಜ್ಞರು ತಾವೇ ಔಷಧ ಶುರುಮಾಡುತ್ತಾರೆ, ಆಗ ಟೆಸ್ಟ್ ಆಗಲಿ ಎಂದು ತಡೆಯಬೇಡಿ.

ಮಜ್ಜೆಯ ಮೊದಲ ಎಳೆತದ ಸ್ಯಾಂಪಲ್ಲೇ ಒಳ್ಳೆಯದು. ಜೀನ್ ಟೆಸ್ಟಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕ್ರೋಮೋಸೋಮ್ ನೋಡಲು ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಅದಲುಬದಲಾದರೆ ಹೆಪಾರಿನ್ ಜೀನ್ ಟೆಸ್ಟಿನ ಪಿಸಿಆರ್ ಅನ್ನೇ ಕೆಡಿಸುತ್ತದೆ. ಲ್ಯಾಬಿಗೆ ನೀವೇ ಒಯ್ಯಬೇಕಾದರೆ ಟ್ಯೂಬನ್ನು ಬಟ್ಟೆಯಲ್ಲಿ ಸುತ್ತಿ. ಐಸ್ ನೇರ ತಾಗಿ ಹೆಪ್ಪುಗಟ್ಟಬಾರದು. ಮರುದಿನದೊಳಗೆ ಮುಟ್ಟಿಸಿ.

ಎಎಲ್‌ಎಲ್ ರಿಪೋರ್ಟಿನಲ್ಲಿ ಬಿಸಿಆರ್-ಎಬಿಎಲ್ ಇದ್ದರೆ ಕೀಮೋ ಜೊತೆ ಇಮ್ಯಾಟಿನಿಬ್ ಬಗೆಯ ಗುಳಿಗೆ ಸೇರುತ್ತದೆ. ತೀವ್ರ ಲ್ಯುಕೇಮಿಯಾದ ಇನ್ನೊಂದು ಬಗೆಯಾದ ಎಎಂಎಲ್‌ನಲ್ಲಿ ಎಫ್‌ಎಲ್‌ಟಿ3 ಕಂಡರೆ ಮಿಡೋಸ್ಟಾರಿನ್‌ನಂಥ ಔಷಧವಿದೆ, ಬೆಲೆ ದುಬಾರಿ. ಎಫ್‌ಎಲ್‌ಟಿ3-ಐಟಿಡಿ ಇಲ್ಲದೆ ಎನ್‌ಪಿಎಂ1 ಇದ್ದರೆ ಸಾಮಾನ್ಯವಾಗಿ ಒಳ್ಳೆಯ ಸೂಚನೆ. ಪಿಎಂಎಲ್-ರಾರಾ ಬಗೆಯಲ್ಲಿ ರಕ್ತಸ್ರಾವದ ಭಯ ಹೆಚ್ಚು. ಅದರ ಗುಮಾನಿ ಬಂದರೇ ಸಾಕು, ರಿಪೋರ್ಟಿಗೆ ಕಾಯದೆ ಆಟ್ರಾ ಗುಳಿಗೆ ಶುರುವಾಗಬೇಕು.

ಅಣ್ಣತಮ್ಮಂದಿರ, ಅಕ್ಕತಂಗಿಯರ ರಕ್ತ ಕೇಳಿದರೆ ಗಾಬರಿ ಬೇಡ: ಅದು ಮಜ್ಜೆ ಕಸಿಗೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ, ಬೇರೆಯೇ ಟೆಸ್ಟ್. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಕಾರ್ಡ್ ಹೈದರಾಬಾದಿನಲ್ಲಿ ನಡೆಯುತ್ತದೆಯೇ, ಜೀನ್ ಟೆಸ್ಟೂ ಅದರಲ್ಲಿ ಬರುತ್ತದೆಯೇ ಎಂದು ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿ.