ಚಾಡಿ ಹೇಳುವ ಫಾಂಟು

ಬ್ರೌಸರ್ ಒಂಚೂರು ಸರಿಮಾಡಿಕೊಡಿ, ನಾನು ಏನು ನೋಡುತ್ತೇನೆ ಅಂತ ಗೊತ್ತಾಗಬಾರದು ಎಂದು ಲ್ಯಾಪ್‌ಟಾಪ್ ಮುಂದಿಟ್ಟವರನ್ನು ನಾನು ಮೊದಲು ಕೇಳುವುದು, ಯಾರಿಗೆ ಗೊತ್ತಾಗಬಾರದು ಅಂತ. ಬಹಳ ಜನಕ್ಕೆ ಈ ಪ್ರಶ್ನೆ ಇಷ್ಟವಾಗುವುದಿಲ್ಲ. ಗುಟ್ಟು ಕೆದಕುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಆದರೆ ಉತ್ತರ ತಿಳಿಯದೆ ಒಂದು ಗುಂಡಿಯನ್ನೂ ಒತ್ತುವ ಹಾಗಿಲ್ಲ. ಮನೆಯವರ ಕಣ್ಣು ತಪ್ಪಿಸುವುದು ಬೇರೆ, ಆಫೀಸಿನ ವೈಫೈ ನೋಡಿಕೊಳ್ಳುವವನ ಕಣ್ಣು ತಪ್ಪಿಸುವುದು ಬೇರೆ, ಜಾಹೀರಾತು ಕಂಪನಿಗಳದ್ದು ಬೇರೆ, ಸರ್ಕಾರದ್ದು ಬೇರೆಯೇ. ಪುಸ್ತಕ, ಪತ್ರಿಕೆಗಳ ಪುಟ ಕಟ್ಟುವುದು ನನ್ನ ಹೊಟ್ಟೆಪಾಡು. ಈ ರಿಪೇರಿ ಕೆಲಸ ಪಕ್ಕದ ಹುಚ್ಚು. ಬರುವವರು ಹೆಚ್ಚಾಗಿ ಜಿಲ್ಲಾ ವರದಿಗಾರರು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವವರು, ಆಗೊಮ್ಮೆ ಈಗೊಮ್ಮೆ ಒಬ್ಬ ವಕೀಲರು.

ಮನೆಯವರಿಗೆ ತಿಳಿಯಬಾರದು ಎನ್ನುವವರಿಗೆ ಖಾಸಗಿ ಕಿಟಕಿ ಸಾಕು, ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಅನ್ನುತ್ತಾರಲ್ಲ, ಅದು. ಮುಚ್ಚಿದ ಕೂಡಲೇ ಹಿಸ್ಟರಿಯೂ ಕುಕಿಗಳೂ ಅಳಿದುಹೋಗುತ್ತವೆ. ಅಳಿಯುವುದು ನಿಮ್ಮ ಯಂತ್ರದಲ್ಲಿ ಮಾತ್ರ. ಆಚೆ ಬದಿಯ ಜಾಲತಾಣಕ್ಕೆ, ನಡುವೆ ಕೂತ ಇಂಟರ್ನೆಟ್ ಕಂಪನಿಗೆ ಎಲ್ಲವೂ ಎಂದಿನಂತೆಯೇ ಕಾಣುತ್ತದೆ. ಆದರೂ ಈ ಕಿಟಕಿಯಲ್ಲಿ ನೋಡಿದ್ದು ಯಾರಿಗೂ ಕಾಣುವುದಿಲ್ಲ ಎಂದು ನಂಬಿದವರು ಕಡಿಮೆಯೇನಲ್ಲ. ಅಮೆರಿಕದಲ್ಲಿ 2020ರಲ್ಲಿ ಇದೇ ವಿಚಾರಕ್ಕೆ ಬಳಕೆದಾರರು ಗೂಗಲ್ ಮೇಲೆ ದಾವೆ ಹೂಡಿದರು. 2024ರಲ್ಲಿ ರಾಜಿಯಾಗಿ, ಖಾಸಗಿ ಕಿಟಕಿಯಿಂದ ಕೂಡಿಟ್ಟ ಮಾಹಿತಿಯನ್ನು ಅಳಿಸಲು ಕಂಪನಿ ಒಪ್ಪಿತು. ಆ ಕಿಟಕಿ ತೆರೆದಾಗ ಬರುವ ಎಚ್ಚರಿಕೆಯ ಒಕ್ಕಣೆಯೂ ಬದಲಾಯಿತು. ಓದಿ ನೋಡಿ, ಈಗ ಸಾಕಷ್ಟು ನೇರವಾಗಿಯೇ ಹೇಳಿದ್ದಾರೆ.

ಇಂಟರ್ನೆಟ್ ಕಂಪನಿಯ ವಿಷಯ ಸ್ವಲ್ಪ ಸಿಕ್ಕು. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇದ್ದರೆ ಪುಟದೊಳಗೆ ಏನು ಓದಿದಿರಿ ಎಂಬುದು ಅವರಿಗೆ ಕಾಣದು. ಯಾವ ತಾಣಕ್ಕೆ ಹೋದಿರಿ ಎಂಬುದು ಕಾಣುತ್ತದೆ. ತಾಣದ ಹೆಸರು ಎರಡು ಕಡೆ ಬಯಲಾಗುತ್ತದೆ. ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ವಿಚಾರಣೆಯಲ್ಲಿ ಒಮ್ಮೆ, ಸಂಪರ್ಕ ಶುರುವಾಗುವಾಗ ಹೋಗುವ ಎಸ್‌ಎನ್‌ಐ ಎಂಬ ಚೀಟಿಯಲ್ಲಿ ಇನ್ನೊಮ್ಮೆ. ನಮ್ಮ ದೇಶದ ಕಂಪನಿಗಳು ತಾಣಗಳನ್ನು ತಡೆಯುವುದಕ್ಕೆ ಈ ಎರಡನ್ನೂ ಬಳಸುತ್ತವೆ ಎಂಬುದನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019ರಲ್ಲೇ ದಾಖಲಿಸಿದ್ದಾರೆ. ಬ್ರೌಸರ್‌ನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಚಾಲೂ ಮಾಡಿದರೆ ಮೊದಲನೆಯದು ಮುಚ್ಚುತ್ತದೆ. ಎರಡನೆಯದು ಬಹುಪಾಲು ತಾಣಗಳ ಮಟ್ಟಿಗೆ ಇನ್ನೂ ತೆರೆದೇ ಇದೆ.

ಹಾಗಾದರೆ ವಿಪಿಎನ್ ಹಾಕಿಕೊಡಿ ಎನ್ನುತ್ತಾರೆ. ಹಾಕಿದರೆ ಸಂಪರ್ಕವೆಲ್ಲ ಅದರ ಸರ್ವರ್ ಮೂಲಕ ಹೋಗುತ್ತದೆ, ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದದ್ದು ವಿಪಿಎನ್ ಕಂಪನಿಗೆ ಕಾಣಲು ಶುರುವಾಗುತ್ತದೆ. ಒಬ್ಬನ ಮೇಲಿನ ನಂಬಿಕೆಯನ್ನು ಇನ್ನೊಬ್ಬನ ಮೇಲೆ ಇಟ್ಟ ಹಾಗಾಯಿತು. ಉಚಿತ ವಿಪಿಎನ್ ಆದರೆ ಆ ಇನ್ನೊಬ್ಬ ಯಾರೆಂದು ಗೊತ್ತೂ ಇರುವುದಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಲ್ಲಿನ ವಿಪಿಎನ್ ಸೇವೆಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ ಕನಿಷ್ಠ ಐದು ವರ್ಷ ಇಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್‌ನಂಥವರು ಭಾರತದೊಳಗಿನ ಸರ್ವರ್‌ಗಳನ್ನೇ ಕಿತ್ತುಕೊಂಡು ಹೋದರು. ವಿಪಿಎನ್ ಬೇಡವೆಂದೇನೂ ನಾನು ಹೇಳುವುದಿಲ್ಲ. ಹೋಟೆಲಿನ, ವಿಮಾನ ನಿಲ್ದಾಣದ ವೈಫೈಗೆ ಒಳ್ಳೆಯದೇ. ಅದನ್ನು ಹಾಕಿಕೊಂಡು ಅನಾಮಿಕನಾದೆ ಅಂದುಕೊಂಡರೆ ಮಾತ್ರ ಕೆಟ್ಟೆವು.

ನಾನು ಹೆಚ್ಚು ಕಲಿತದ್ದು ಒಬ್ಬ ವರದಿಗಾರ್ತಿಯ ಲ್ಯಾಪ್‌ಟಾಪಿನಿಂದ. ಆಕೆ ಜಾಗ್ರತೆಯ ಹೆಂಗಸು. ಬರುವ ಮುಂಚೆಯೇ ಕಂಡ ಕಂಡ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಹಾಕಿಕೊಂಡಿದ್ದರು. ಜಾಹೀರಾತು ತಡೆಯುವುದು ಎರಡು, ಕುಕಿ ನುಂಗುವುದು ಒಂದು, ಜೊತೆಗೆ ವಿಂಡೋಸ್ ಯಂತ್ರವನ್ನು ಮ್ಯಾಕ್ ಎಂದು ಸುಳ್ಳು ಹೇಳಿಸುವುದು ಇನ್ನೊಂದು. ಬ್ರೌಸರ್ ಗುರುತು ಸಿಗುತ್ತದೆಯೇ ಎಂದು ನೋಡುವ, ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್‌ನವರ ಕವರ್ ಯುವರ್ ಟ್ರ್ಯಾಕ್ಸ್ ಪರೀಕ್ಷೆಯನ್ನು ಓಡಿಸಿದೆವು. ಕಳೆದ 45 ದಿನಗಳಲ್ಲಿ ಪರೀಕ್ಷೆಗೆ ಬಂದ ಬ್ರೌಸರ್‌ಗಳಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಉತ್ತರ ಬಂತು.

ಆ ಉತ್ತರದ ಕೆಳಗಿನ ವಿವರಪಟ್ಟಿಯನ್ನು ಒಂದೊಂದೇ ಸಾಲು ಬಿಡಿಸಿ ನೋಡಿದೆವು. ಬ್ರೌಸರ್ ತನ್ನನ್ನು ಮ್ಯಾಕ್ ಎಂದು ಪರಿಚಯಿಸಿಕೊಂಡಿದೆ, ಎರಡು ಸಾಲು ಕೆಳಗೆ ಪ್ಲಾಟ್‌ಫಾರ್ಮ್ ಕೇಳಿದಾಗ ವಿಂಡೋಸ್ ಎಂದು ಒಪ್ಪಿಕೊಂಡಿದೆ. ಹೀಗೆ ಅರ್ಧ ಸುಳ್ಳು ಹೇಳುವ ಯಂತ್ರಗಳು ಲೋಕದಲ್ಲಿ ಎಷ್ಟಿದ್ದಾವು? ಗಡಿಯಾರ ಗ್ರೀನಿಚ್‌ನಿಂದ 330 ನಿಮಿಷ ಮುಂದೆ, ಅಂದರೆ ಭಾರತ ಇಲ್ಲವೇ ಶ್ರೀಲಂಕಾ. ಅದರ ಮೇಲಿನದು ಭಾಷೆ. ಅಭಿಮಾನಕ್ಕೆ ಆಕೆ ಬ್ರೌಸರನ್ನು ಕನ್ನಡಕ್ಕೆ ಹಾಕಿಕೊಂಡಿದ್ದರು. ಹಾಗೆ ಹಾಕಿದರೆ ಪ್ರತಿ ತಾಣಕ್ಕೂ, ಅದು ಕೇಳಲಿ ಬಿಡಲಿ, ಇವರಿಗೆ ಭಾರತದ ಕನ್ನಡ ಬೇಕು ಎಂಬ ಸಾಲು ಮೊದಲೇ ಹೋಗಿ ತಲುಪುತ್ತದೆ. ಕೋಟಿಗಟ್ಟಲೆ ಕನ್ನಡಿಗರಿದ್ದೇವೆ, ಬ್ರೌಸರ್‌ನ ಮೊದಲ ಭಾಷೆ ಕನ್ನಡ ಎಂದು ಇಟ್ಟುಕೊಂಡವರು ಬೆರಳೆಣಿಕೆ.

ಫಾಂಟುಗಳ ಕಥೆ ನನಗೆ ಇನ್ನೂ ಹತ್ತಿರದ್ದು. ಸ್ಕ್ರಿಪ್ಟೊಂದು ಯಾವುದೋ ಪದವನ್ನು ಮಾಮೂಲಿ ಫಾಂಟಿನಲ್ಲಿ ಕಾಣದಂತೆ ಬರೆದು ಅಗಲ ಅಳೆಯುತ್ತದೆ, ಆಮೇಲೆ ಅದೇ ಪದವನ್ನು ಇಂಥ ಫಾಂಟಿನಲ್ಲಿ ಬರೆ ಎಂದು ಹೇಳಿ ಮತ್ತೆ ಅಳೆಯುತ್ತದೆ. ಅಗಲ ಬದಲಾದರೆ ಆ ಫಾಂಟು ಯಂತ್ರದಲ್ಲಿದೆ ಎಂದರ್ಥ. ನಿರ್ಮಲಾ ಯುಐ ಸಿಕ್ಕರೆ ಹೊಸ ವಿಂಡೋಸ್, ತುಂಗಾ ಇದ್ದರೆ ಹಳೆಯ ವಿಂಡೋಸ್‌ನ ನೆನಪು. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹದ ಫಾಂಟುಗಳು ಇದ್ದರೆ? ಅವುಗಳ ಹೆಸರು ಹಿಡಿದು ಕೇಳುವಷ್ಟು ಪುರುಸೊತ್ತು ಜಾಹೀರಾತು ಕಂಪನಿಗೆ ಇರಲಾರದು, ನಿಜ. ಆದರೆ ನಿಮ್ಮನ್ನೇ ಹುಡುಕುತ್ತಿರುವವರಿಗೆ ನುಡಿ ಇದೆಯೇ ಎಂದು ಕೇಳುವುದು ಒಂದು ಸಾಲಿನ ಕೆಲಸ. ಉತ್ತರ ಹೌದು ಎಂದಾದರೆ ಅಲ್ಲಿರುವುದು ಸರ್ಕಾರಿ ಕಚೇರಿಯ ಯಂತ್ರ, ಪತ್ರಿಕೆಯ ಯಂತ್ರ, ಇಲ್ಲವೇ ನನ್ನಂಥ ಪುಟ ಕಟ್ಟುವವನದು.

ಹೀಗೆ ವಿವರಗಳನ್ನು ಕೂಡಿಸಿ ಯಂತ್ರವನ್ನು ಗುರುತಿಸುವುದಕ್ಕೆ ಬೆರಳಚ್ಚು ಎನ್ನುತ್ತಾರೆ, ಅದು ಎಷ್ಟು ನಿಖರ ಎಂದು ಅದೇ ಫೌಂಡೇಶನ್‌ನ ಪೀಟರ್ ಎಕರ್ಸ್ಲಿ 2010ರಲ್ಲಿ ಲೆಕ್ಕ ಹಾಕಿದ್ದರು. ಪರೀಕ್ಷೆಗೆ ಬಂದ 4,70,161 ಬ್ರೌಸರ್‌ಗಳಲ್ಲಿ ಶೇ. 83.6ರಷ್ಟು ಒಂದರಂತೆ ಇನ್ನೊಂದಿರಲಿಲ್ಲ. ಕುಕಿಯನ್ನು ಅಳಿಸಬಹುದು, ಇದನ್ನು ಅಳಿಸಲು ಬರುವುದಿಲ್ಲ. ವರದಿಗಾರ್ತಿಯ ಯಂತ್ರದಿಂದ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಾಗ ಅವರಿಗೆ ಕಸಿವಿಸಿಯಾಯಿತು. ಜಾತ್ರೆಯಲ್ಲಿ ಮುಸುಕು ಹಾಕಿಕೊಂಡು ನಡೆದವನನ್ನೇ ಜನ ತಿರುಗಿ ನೋಡುವುದು ಎಂದು ಸಮಾಧಾನ ಹೇಳಬೇಕಾಯಿತು.

ದಿನದ ಓದಿಗೆ ಫೈರ್‌ಫಾಕ್ಸ್ ಹಾಕಿದೆವು. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಟ್ರ್ಯಾಕಿಂಗ್ ತಡೆಯನ್ನು ಸ್ಟ್ರಿಕ್ಟ್‌ಗೆ ಇಡುವುದು, ಎಚ್‌ಟಿಟಿಪಿಎಸ್-ಓನ್ಲಿ ಒತ್ತುವುದು, ಮುಚ್ಚಿದಾಗ ಕುಕಿ ಅಳಿಸುವಂತೆ ಮಾಡುವುದು, ಮೇಲೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಒಂದೇ ಒಂದು. ಕ್ರೋಮ್‌ನಲ್ಲಿ ಈಗ ಇದರ ಪೂರ್ಣರೂಪ ಓಡುವುದಿಲ್ಲ, ಲೈಟ್ ಎಂಬ ಸಣ್ಣ ತಮ್ಮನಿದ್ದಾನೆ. ಅಷ್ಟಕ್ಕೆ ನಿಲ್ಲಿಸಬೇಕು. ಒಳಗಿನ ಕಾನ್ಫಿಗ್ ಪುಟಕ್ಕೆ ಹೋಗಿ ಬೆರಳಚ್ಚು ನಿರೋಧ ಸ್ವಿಚ್ಚನ್ನು ಕೈಯಾರೆ ಹಾಕುವವರಿದ್ದಾರೆ. ಹಾಕಿದರೆ ತಾಣಗಳ ಪಾಲಿಗೆ ನಿಮ್ಮ ಗಡಿಯಾರ ಗ್ರೀನಿಚ್‌ಗೆ ಹೋಗುತ್ತದೆ, ಬೆಳಿಗ್ಗೆ ಹತ್ತಕ್ಕೆ ಬಂದ ಮೇಲ್ ನಾಲ್ಕೂವರೆಗೆ ಬಂದಂತೆ ತೋರಿಸುತ್ತದೆ. ಬ್ಯಾಂಕು, ತೆರಿಗೆ, ಆಧಾರ್‌ಗೆ ಇನ್ನೊಂದು ಬ್ರೌಸರನ್ನೇ ಬೇರೆ ಇಟ್ಟೆವು. ಹೆಸರು ಹೇಳಿ ಒಳಗೆ ಹೋಗಬೇಕಾದ ಕಡೆ ಅನಾಮಿಕತೆಗೆ ಕೆಲಸವಿಲ್ಲ.

ನಿಜವಾಗಿ ಗುರುತು ಸಿಗಬಾರದ ಕೆಲಸಕ್ಕೆ ಟಾರ್ ಬ್ರೌಸರ್. ಇದರ ಮೂಲ ಯೋಚನೆ 1990ರ ದಶಕದ ನಡುವಿನಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿತು ಎಂದರೆ ಜನ ಹುಬ್ಬೇರಿಸುತ್ತಾರೆ. ಬರೀ ನೌಕಾಪಡೆಯವರೇ ಬಳಸಿದರೆ ಟಾರ್‌ನಿಂದ ಬಂದವರೆಲ್ಲ ನೌಕಾಪಡೆಯವರು ಎಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಎಲ್ಲರಿಗೂ ಬಿಟ್ಟುಕೊಡಬೇಕಾಯಿತು. ಸಂಪರ್ಕ ಮೂರು ಯಂತ್ರಗಳನ್ನು ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ವಿಳಾಸಪಟ್ಟಿಯ ಎಡತುದಿಯ ಚಿಹ್ನೆ ಒತ್ತಿದರೆ ಆ ಕ್ಷಣದ ಮೂರು ಯಂತ್ರಗಳೂ ಯಾವ ಯಾವ ದೇಶದಲ್ಲಿವೆ ಎಂದು ತೋರಿಸುತ್ತದೆ. ಮೊದಲ ಸಲ ನೋಡಿದವರು ಸುಮ್ಮನೆ ಹತ್ತು ತಾಣ ತೆರೆದು ಅದನ್ನೇ ಒತ್ತುತ್ತ ಕೂರುತ್ತಾರೆ.

ನನಗೆ ಹಿಡಿಸುವುದು ಅದು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವ ರೀತಿ. ಕಿಟಕಿಯನ್ನು ನೀವು ಎಷ್ಟೇ ಹಿಗ್ಗಿಸಿ, ಪುಟದ ಸುತ್ತ ಖಾಲಿ ಅಂಚು ಬಿಟ್ಟು ಒಳಗಿನ ಅಳತೆಯನ್ನು ದುಂಡು ಸಂಖ್ಯೆಗೆ ಕೂರಿಸುತ್ತದೆ. ಆ ಅಂಚನ್ನು ಕಂಡು ಕೆಟ್ಟಿದೆ ಎಂದು ಫೋನ್ ಮಾಡಿದವರಿದ್ದಾರೆ. ಫಾಂಟುಗಳದ್ದೂ ಹಾಗೇ. ನಿಗದಿತ ಪಟ್ಟಿಯ ಹೊರಗಿನದನ್ನು ತಾಣಕ್ಕೆ ಕಾಣಗೊಡುವುದಿಲ್ಲ, ನನ್ನ ನುಡಿ ಫಾಂಟುಗಳು ಅಲ್ಲಿ ಲೆಕ್ಕಕ್ಕೇ ಇಲ್ಲ. ಯುನಿಕೋಡ್ ಕನ್ನಡ ಚೆನ್ನಾಗಿ ಕಾಣುತ್ತದೆ. ಯುನಿಕೋಡ್‌ಗೆ ಮುಂಚಿನ ಹಳೆಯ ಪುಟಗಳೇನಾದರೂ ಸಿಕ್ಕರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಇದಕ್ಕೆ ಎಕ್ಸ್‌ಟೆನ್ಷನ್ ಸೇರಿಸಬಾರದು, ಬಣ್ಣ ಬಳಿಯಬಾರದು, ತಂದ ಹಾಗೆಯೇ ಬಳಸಬೇಕು. ಮಾಡಬಹುದಾದ ಬದಲಾವಣೆ ಒಂದೇ, ಭದ್ರತೆಯ ಮಟ್ಟ. ಅತಿ ಮೇಲಿನದಕ್ಕೆ ಏರಿಸಿದರೆ ಜಾವಾಸ್ಕ್ರಿಪ್ಟ್ ನಿಂತು ಎಷ್ಟೋ ತಾಣಗಳು ಬಿಳಿ ಹಾಳೆಯಾಗುತ್ತವೆ. ಸಾಮಾನ್ಯ ಮಟ್ಟದಲ್ಲೂ ನಿಧಾನ, ಹೆಜ್ಜೆಗೊಮ್ಮೆ ನೀನು ಮನುಷ್ಯನೇ ಎಂಬ ಒಗಟು, ಬಿಡಿಸಿದರೆ ಮತ್ತೊಂದು. ನಮ್ಮ ಸರ್ಕಾರಿ ತಾಣಗಳು ಎಷ್ಟೋ ವಿದೇಶದ ವಿಳಾಸ ಕಂಡರೆ ಬಾಗಿಲೇ ತೆರೆಯುವುದಿಲ್ಲ.

ಟಾರ್ ಏನನ್ನು ಮುಚ್ಚುವುದಿಲ್ಲ ಎಂಬುದಕ್ಕೆ ನಾನು ಹೇಳುವ ಪ್ರಸಂಗ ಹಾರ್ವರ್ಡ್ ವಿಶ್ವವಿದ್ಯಾಲಯದ್ದು. 2013ರ ಡಿಸೆಂಬರ್‌ನಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಿಕೊಳ್ಳಲು ಬಾಂಬ್ ಬೆದರಿಕೆಯ ಮೇಲ್ ಕಳಿಸಿದ. ಟಾರ್ ಬಳಸಿದ್ದ, ತಾತ್ಕಾಲಿಕ ಮೇಲ್ ವಿಳಾಸ ಬಳಸಿದ್ದ. ಮೇಲ್ ಟಾರ್‌ನಿಂದ ಬಂದದ್ದು ಎಂದು ತಿಳಿದ ಮೇಲೆ ತನಿಖೆಯವರು ನೋಡಿದ್ದು ಇಷ್ಟೇ: ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಜಾಲದಿಂದ ಟಾರ್‌ಗೆ ಹೋದವರು ಯಾರು? ಹುಡುಗ ಸಿಕ್ಕಿಬಿದ್ದ, ಟಾರ್ ಒಡೆಯುವ ಪ್ರಮೇಯವೇ ಬರಲಿಲ್ಲ. ಇಡೀ ತಾಲ್ಲೂಕು ಕಚೇರಿಯಲ್ಲಿ ಟಾರ್ ತೆರೆದವನು ಒಬ್ಬನೇ ಆಗಿದ್ದರೆ ಅವನಿಗೂ ಇದೇ ಗತಿ. ಕಚೇರಿಯ ಅವ್ಯವಹಾರದ ಬಗ್ಗೆ ಬರೆಯುವವರು ಕಚೇರಿಯ ವೈಫೈ ಮುಟ್ಟಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇದೆಲ್ಲ ಕಾನೂನಿಗೆ ವಿರುದ್ಧವೇ ಎಂದು ಕೇಳದವರಿಲ್ಲ. ಬಳಸುವುದು ಅಪರಾಧವಲ್ಲ, ಬಳಸಿ ಮಾಡಿದ ಅಪರಾಧ ಅಪರಾಧವೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೀಗೆ ಕೇಳಿದ ವಕೀಲರೊಬ್ಬರಿಗೆ ಇದನ್ನು ಹೇಳಲು ಹೋಗಿ, ತೀರ್ಪಿನ ಬಗ್ಗೆ ಒಂದು ಗಂಟೆ ನಾನೇ ಪಾಠ ಕೇಳಿಸಿಕೊಂಡೆ.

ಉಳಿದದ್ದು ಬ್ರೌಸರ್‌ನ ಹೊರಗಿನದು, ಜನ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ. ಒಟಿಪಿ ಕೇಳಿದ ತಾಣದಲ್ಲಿ ನೀವು ಅನಾಮಿಕರಲ್ಲ, ನಮ್ಮಲ್ಲಿ ಸಿಮ್ ಸಿಗುವುದೇ ಗುರುತು ಕೊಟ್ಟ ಮೇಲೆ. ಟಾರ್‌ನಲ್ಲಿ ನಿಮ್ಮ ಮಾಮೂಲಿ ಮೇಲ್‌ಗೆ ಲಾಗಿನ್ ಆದರೆ ಮೂರು ಯಂತ್ರಗಳ ಸುತ್ತು ದಂಡ. ಇಳಿಸಿಕೊಂಡ ಪಿಡಿಎಫ್, ವರ್ಡ್ ಕಡತಗಳನ್ನು ನೆಟ್ ತೆಗೆದ ಮೇಲೆಯೇ ತೆರೆಯಬೇಕು, ಕೆಲವು ತಾವಾಗಿಯೇ ಹೊರಗೆ ಸಂಪರ್ಕಕ್ಕೆ ಹೋಗುತ್ತವೆ, ಟಾರ್ ಬಿಟ್ಟು ನೇರವಾಗಿ. ಕಳಿಸುವ ಕಡತವನ್ನೂ ನೋಡಬೇಕು. ವರದಿಗಾರ್ತಿಗೆ ಮೂಲವೊಂದರಿಂದ ಬಂದ ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದರೆ ಲೇಖಕ ಎಂಬಲ್ಲಿ ಒಂದು ಕಂಪ್ಯೂಟರ್ ಅಂಗಡಿಯ ಹೆಸರಿತ್ತು. ವಿಂಡೋಸ್ ಹಾಕಿಕೊಟ್ಟ ಹುಡುಗ ತನ್ನ ಅಂಗಡಿಯನ್ನೇ ಬಳಕೆದಾರನ ಹೆಸರಾಗಿ ಬರೆದು ಕೊಟ್ಟಿದ್ದ. ಆ ಊರಿನಲ್ಲಿ ಇರುವುದು ಅದೊಂದೇ ಅಂಗಡಿ. ಅಲ್ಲಿಂದ ಯಂತ್ರ ಕೊಳ್ಳುವುದು ಯಾವ ಕಚೇರಿ ಎಂಬುದು ಊರಿಗೆಲ್ಲ ಗೊತ್ತು. ಅಂದು ಸಂಜೆ ಕೂತು ಆ ದಾಖಲೆಯನ್ನು ನಾನೇ ಪುಟ ಪುಟವಾಗಿ ಹೊಸದಾಗಿ ಟೈಪ್ ಮಾಡಿಕೊಟ್ಟೆ.