ಮೀನಿನ ತೊಟ್ಟಿಯ ನೀರಿನಿಂದ ತರಕಾರಿ ಬೆಳೆಯುವ ಕ್ರಮ

ಕೆರೆ ಬತ್ತಿದಾಗ ಅದರ ಗೋಡನ್ನು ಹೊಲಗಳಿಗೆ ಹೊಡೆದರೆ ಪೈರು ಹುಲುಸಾಗುವುದೆಂಬುದನ್ನು ರೈತರೆಲ್ಲರೂ ಬಲ್ಲರು. ಮೀನು ಸಾಕಿದ ನೀರಿನಲ್ಲಿಯೂ ಅಂಥಾ ಸಾರವಿರುವುದು. ತೊಟ್ಟಿಯಲ್ಲಿ ಮೀನು ಸಾಕಿ, ಆ ನೀರನ್ನು ಜಲ್ಲಿ ತುಂಬಿದ ಪಾತಿಗೆ ಏರಿಸಿ ತರಕಾರಿಯನ್ನು ಬೆಳೆಯಿಸಿ, ಬಸಿದ ನೀರನ್ನು ಪುನಃ ತೊಟ್ಟಿಗೇ ಬಿಡುವ ಕ್ರಮಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. ಸಿಹಿನೀರು ದುರ್ಲಭವಾದ ಸೇಂಟ್ ಕ್ರೋಯಿ ದ್ವೀಪದಲ್ಲಿ ಜೇಮ್ಸ್ ರಾಕೋಸಿ ಎಂಬ ವಿದ್ವಾಂಸರು 1980ರ ದಶಕದಿಂದ ಈ ಕ್ರಮವನ್ನು ಪರೀಕ್ಷಿಸಿ ಬೆಳೆಯಿಸಿದರು. ಆವಿಯಾದಷ್ಟು ಮತ್ತು ಗಿಡಗಳು ಹೀರಿದಷ್ಟು ನೀರನ್ನು ಮಾತ್ರ ತುಂಬಿದರೆ ಸಾಕಾದುದರಿಂದ, ಮಳೆ ಕಡಮೆಯಾದ ಸೀಮೆಗಳಿಗೆ ಇದು ಅನುಕೂಲವಾದುದು.

ಆದರೆ ತೊಟ್ಟಿ ಕಟ್ಟಿದ ದಿನವೇ ಮೀನುಮರಿಗಳನ್ನು ಬಿಟ್ಟವರಿಗೆ ಹಲವು ವೇಳೆ ನಷ್ಟವೇ ಸಂಭವಿಸುವುದು. ಮೀನುಗಳು ಕಿವಿರುಗಳ ಮೂಲಕ ಅಮೋನಿಯಾ ಎಂಬ ವಸ್ತುವನ್ನು ಹೊರಬಿಡುತ್ತವೆ. ಅದು ಹೆಚ್ಚಿದರೆ ಮೀನಿಗೇ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವುವು. ನೈಟ್ರೈಟೂ ವಿಷವೇ, ನೈಟ್ರೇಟಾದರೋ ಗಿಡಗಳಿಗೆ ಉತ್ತಮವಾದ ಆಹಾರ. ವಿನೋಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು 1890ರಲ್ಲಿ ಬೇರ್ಪಡಿಸಿ ತೋರಿಸಿದ ಈ ಜಾತಿಯ ಜೀವಿಗಳು ಜಲ್ಲಿಯ ಮೇಲೆ ನೆಲೆಗೊಳ್ಳಲು ಸಾಧಾರಣವಾಗಿ 4ರಿಂದ 6 ವಾರಗಳು ಬೇಕು. ಹೆಪ್ಪು ಹಾಕಿದ ಹಾಲು ಮೊಸರಾಗುವ ತನಕ ಕಾಯುವಂತೆ ಇಲ್ಲಿಯೂ ಕಾಯತಕ್ಕದ್ದು.

ಅನುಸರಿಸತಕ್ಕ ಕ್ರಮ:

1. ಪಾತಿಯಲ್ಲಿ ಜಲ್ಲಿಯು 1 ಅಡಿ ಆಳವಿರಬೇಕು. ಸುಣ್ಣಕಲ್ಲಿನ ಜಲ್ಲಿ ಕೂಡದು.

2. ಬ್ಲೀಚಿಂಗ್ ಪುಡಿ ಹಾಕಿದ ನೀರಾದರೆ, ಎರಡು ದಿನ ತೆರೆದಿಟ್ಟ ಮೇಲೆ ಉಪಯೋಗಿಸತಕ್ಕದ್ದು. ಇಲ್ಲವಾದರೆ ಕ್ಲೋರಿನ್ ಆ ಜೀವಿಗಳನ್ನು ಕೊಲ್ಲುವುದು.

3. ಪಂಪನ್ನು ನಡೆಯಿಸುತ್ತಾ, ಮೀನಿಲ್ಲದ ತೊಟ್ಟಿಗೆ ದಿನವೂ ಒಂದೆರಡು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಬಿಡಬೇಕು. ರೋಗವಿಲ್ಲದ ಹಳೆಯ ತೊಟ್ಟಿಯೊಂದರ ಪಾತಿಯಿಂದ ತಂದ ಒಂದು ಬೊಗಸೆ ಜಲ್ಲಿಯು ಹೆಪ್ಪಿನಂತೆ ಕೆಲಸವನ್ನು ತ್ವರೆಗೊಳಿಸುವುದು.

4. ಬಣ್ಣದಿಂದ ತಿಳಿಸುವ ಪರೀಕ್ಷಾದ್ರವದಿಂದ ನೀರನ್ನು ಆಗಾಗ್ಗೆ ನೋಡುತ್ತಿರಬೇಕು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ, ಇಳಿದು, ಕಾಣದಂತಾಗಿ, ನೈಟ್ರೇಟ್ ಕಂಡುಬಂದ ತರುವಾಯವೇ ಮರಿಗಳನ್ನು ಬಿಡತಕ್ಕದ್ದು.

5. ಮೊದಲು ಸಾಮಾನ್ಯ ಗೆಂಡೆಯ ಕೆಲವೇ ಮರಿಗಳು ಸಾಕು. ಅರ್ಧ ಗಂಟೆಯಲ್ಲಿ ತಿಂದು ಉಳಿದ ಆಹಾರವನ್ನು ತೆಗೆದುಹಾಕಬೇಕು. ಪಾತಿಯಲ್ಲಿ ದಂಟು, ಪಾಲಕ್ ಮುಂತಾದ ಸೊಪ್ಪುಗಳಿಂದ ಆರಂಭಿಸುವುದು ಮೇಲು.

6. ಗಿಡಗಳಿಗೆ ಕೀಟನಾಶಕ ವಿಷವನ್ನು ಸಿಂಪಡಿಸಲೇಕೂಡದು. ವಿದ್ಯುತ್ತು ನಿಂತಾಗ ನೀರಿಗೆ ಗಾಳಿಯೂಡಿಸಲು ಬೇರೆ ಏರ್ಪಾಡಿರಬೇಕು.

ಗ್ರಾಮದ ಮುಖಂಡರು ಒಂದು ಸಣ್ಣ ತೊಟ್ಟಿಯಿಂದ ಆರಂಭಿಸಿ ಫಲವನ್ನು ಕಣ್ಣಾರೆ ತೋರಿಸಿದರೆ, ಉಳಿದ ರೈತರು ಹಣವನ್ನು ಕಳೆದುಕೊಳ್ಳದೆ ಕಲಿಯಬಹುದು. ಆರು ವಾರಗಳ ತಾಳ್ಮೆಯೇ ಈ ಕೃಷಿಯ ಮೊದಲ ಬಂಡವಾಳವೆಂಬುದನ್ನು ಯಾರೂ ಮರೆಯಕೂಡದು.